ಮಾಲೀಕರು ಕೊಟ್ಟ ಬೆಲ್ಲ

ಕಾದ ಸೀಸದ ವಾಸನೆ ಬಂದರೆ ಇಂದಿಗೂ ನನಗೆ ಅಪ್ಪ, ತಂಗಿ ಇಬ್ಬರೂ ಇನ್ನೂ ಬದುಕಿದ್ದಾಗಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಶಿರಾದ ಒಂದು ಬ್ಯಾಟರಿ ಕಾರ್ಖಾನೆಯಲ್ಲಿ ಸೀಸ ಕರಗಿಸುತ್ತಿದ್ದ. ಸೀಸದ ನಂಜು ಇಳಿಯಲೆಂದು ಮಾಲೀಕರು ಕೆಲಸದವರಿಗೆ ದಿನವೂ ಬೆಲ್ಲ ಕೊಡುತ್ತಿದ್ದರು. ಅಪ್ಪ ಅದನ್ನು ಅಲ್ಲಿ ತಿನ್ನದೆ ಅಂಗಿಯ ಜೇಬಿನಲ್ಲಿಟ್ಟು ನಮಗೆ ತರುತ್ತಿದ್ದ.

ಅಂದು ಹೊಟ್ಟೆ ಹಿಡಿದುಕೊಂಡೇ ಬಂದು ಕೂತ. ಸೀಸದ ಬೂದಿಬಣ್ಣದ ಪುಡಿ ಮೆತ್ತಿದ ಬೆರಳುಗಳಿಂದ ಬೆಲ್ಲ ಮುರಿಯತೊಡಗಿದ.

"ಮೊದ್ಲು ಕೈ ತೊಳ್ಕಂಡ್ ಬಾರಯ್ಯ," ಅಂದಳು ಅಮ್ಮ.

"ನಂಜು ಇಳ್ಸೋದೇ ಬೆಲ್ಲ ಕಣಮ್ಮಿ. ನಿನ್ ನೀರೇನ್ ಅದ್ಕಿಂತ ಹೆಚ್ಚಾ?" ಎಂದು ಅಪ್ಪ ನಕ್ಕ.

ದೊಡ್ಡ ಚೂರನ್ನು ಪುಟ್ಟ ತಂಗಿಯ ಕಡೆ ಚಾಚಿದ. ಈಚೀಚೆಗೆ ಬಲ ಸೋತಿದ್ದ ಮಣಿಕಟ್ಟು ಜೋತುಬಿದ್ದು ಚೂರು ನೆಲಕ್ಕುರುಳಿತು. ಅಮ್ಮ ಅದನ್ನೆತ್ತಿ, ಸೆರಗಿನಿಂದ ಮಣ್ಣು ಒರೆಸಿ, ತಂಗಿಯ ಬಾಯಿಗಿಟ್ಟಳು. ಅವಳು ಚೀಪುತ್ತ ನಕ್ಕಾಗ ಅಪ್ಪ ನೋವು ಮರೆತು ಇನ್ನೊಂದು ಚೂರು ಮುರಿದ.