ಮುಂದೆ ನಡೆಯುವ ನೆರಳು

ನೊಂದವರ ಮಾತನ್ನು ನನ್ನಂಥವನು ಹೇಳುವುದು ಅಧಿಕಪ್ರಸಂಗವೇ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕಲಬುರಗಿಯ ಬಿಸಿಲಿಗೆ ಸರ್ಕಾರ ಸರದಿಯಂತೆ ತಲೆಗೊಂದು ಹಾರುವ ನೆರಳು ಕೊಡುತ್ತಿತ್ತು. ಅದು ಕೊಡೆಯಂತೆ ಮೇಲೆ ತೇಲುತ್ತ ತನ್ನವರ ನಡಿಗೆಯನ್ನು ಕಲಿಯುತ್ತಿತ್ತು. ನೀಲಗಂಗವ್ವ ಸಂತೆಗೆ ಹೊರಟರೆ, ತೀರಿಕೊಂಡ ಗಂಡನ ನೆರಳು ಈಗಲೂ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಿತ್ತು. ಬದುಕಿದ್ದಾಗಲೂ ಅವನು ಹಿಂತಿರುಗಿ ನೋಡಿದವನಲ್ಲ. ಬೇವಿನ ಮರದ ತಿರುವಿನಲ್ಲಿ ಮಾತ್ರ ಅವಳಿಗಾಗಿ ನಿಧಾನಿಸುತ್ತಿದ್ದ. ಕಚೇರಿಗೆ ಸಾವು ತಿಳಿಸಿದರೆ ನೆರಳೂ ಹೋಗುತ್ತದೆಂದು ಅವಳು ಸುಮ್ಮನಿದ್ದಳು.

ಅಂದು ಚೌಕದಲ್ಲಿ ನೆರಳಿನ ಪೇದೆ ತಡೆದ. "ಯವ್ವಾ, ಮುಂದಿನ ನೆರಳಿನ ಕೆಳಗ ಮನುಷ್ಯಾರೇ ಇಲ್ಲಲ್ಲ?"

"ನಮ್ಮ ಮನಿಯವರು ಬೀಡಿ ಸೇದಾಕ ನಿಂತಾರ್ರಿ. ಬರ್ತಾರ."

"ಯುಗಾದಿಯಿಂದ ಒಂದೇ ಬೀಡಿ ಸೇದಾಕತ್ಯಾರೇನು?" ಪೇದೆ ನಕ್ಕ. ಆಮೇಲೆ ದನಿ ತಗ್ಗಿಸಿದ. "ಅಲ್ಲಿ ನೋಡ್ರಿ, ಬಾಣಂತಿ ಬಿಸಿಲಾಗ ಕುಂತಾಳ. ನೆರಳಿಗೆ ಮುಂದಿನ ಸರದಿ ಆಕೀದು."

ಕೂಸಿನ ಮೇಲೆ ಸೆರಗು ಹೊದಿಸಿ ಕುಳಿತವಳನ್ನು ನೀಲಗಂಗವ್ವ ನೋಡಿದಳು. ಪೇದೆ ಚಾಚಿದ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದಳು.

ಬಾಣಂತಿ ಆ ನೆರಳಿನಡಿ ಹೊರಟಳು. ಅದೇ ದಾರಿಯಲ್ಲಿ ನೀಲಗಂಗವ್ವ ಹಿಂದೆ ನಡೆದಳು. ಬೇವಿನ ಮರದ ತಿರುವಿನಲ್ಲಿ ನೆರಳು ನಿಧಾನವಾಯಿತು. ಏನೂ ತಿಳಿಯದೆ ಬಾಣಂತಿಯೂ ನಿಂತಳು. ಅದು ಬರೀ ರೂಢಿಯೋ ಇನ್ನೇನೋ, ನನಗೆ ಗೊತ್ತಿಲ್ಲ.