ಮುಟ್ಟಿ ಮೇಲೇಳುವ ಗೆರೆ

ತನ್ನ ಓಣಿ ಈ ವಾರವೂ ಮುಳುಗುತ್ತದೆಂದು ತಿಳಿದದ್ದೇ ತಡ, ಹುಲಿಗೆಮ್ಮ ವಾರ್ಡ್ ಆಫೀಸಿಗೆ ನುಗ್ಗಿದಳು. ಆ ಊರಿನ ನೆಲ ಪ್ರತಿ ಸೋಮವಾರ ಹೊಸದಾಗಿ ಏಳುತ್ತಿತ್ತು, ಇಳಿಯುತ್ತಿತ್ತು. ಗುಮಾಸ್ತ ಯಂಕೋಬ ಬಹುಪದೋಕ್ತಿಯ ನಕ್ಷೆಯನ್ನು ಕೈಯಲ್ಲೇ ಎಳೆಯಬೇಕು. ಅವನ ಗೆರೆ ಏರಿದಲ್ಲಿ ನೆಲ ಏರುತ್ತಿತ್ತು, ಇಳಿದಲ್ಲಿ ಇಳಿಯುತ್ತಿತ್ತು; ಕಂಪ್ಯೂಟರಿನ ಗೆರೆಗೆ ಜಗ್ಗುತ್ತಿರಲಿಲ್ಲ. ಎಕ್ಸ್ ಅಕ್ಷವೇ ನೀರಿನ ಮಟ್ಟ. ಅದರ ಕೆಳಗೆ ಹೋಗುವ ಓಣಿ ಯಾವುದೆಂದು ಮಾತ್ರ ಯಾವಾಗಲೂ ಮೊದಲೇ ಗೊತ್ತಿರುತ್ತಿತ್ತು: ಹುಲಿಗೆಮ್ಮನದೇ.

"ಯಂಕೋಬಣ್ಣಾ, ನಮ್ಮ ಓಣ್ಯಾಗ ಗೆರಿ ಅಕ್ಷ ದಾಟೋದು ಬ್ಯಾಡ. ಮುಟ್ಟಿ ಮ್ಯಾಲೇಳಲಿ. ಕಾಲು ತೊಯ್ದ್ರ ತೊಯ್ಲಿ. ನಮ್ಮವ್ವ ಹಾಸಿಗಿ ಬಿಟ್ಟು ಏಳಾಂಗಿಲ್ಲ."

"ಹಂಗಾಗಬೇಕಂದ್ರ ಬಹುಪದೋಕ್ತಿಯೊಳಗ ನಿಮ್ಮ ಓಣಿ ಅಪವರ್ತನಕ್ಕ ವರ್ಗ ಹಾಕಬೇಕು, ತಂಗಿ. ಹಾಕಿದ್ರ ಆಚಿ ತುದಿ ಮುಳುಗತೈತಿ. ಅಲ್ಲಿ ಮೆಂಬರ್ ಸಾಹೇಬ್ರ ಮನಿ ಐತಿ."

"ಅವ್ರು ಹಿತ್ತಲದಾಗ ಈಜುಕೊಳ ಕಟ್ಟಿಸ್ಯಾರಲ್ಲ, ಈಜು ಬರತೈತಿ. ನಮ್ಮವ್ವಗ ಬರಾಂಗಿಲ್ಲ."

ಯಂಕೋಬ ಅವಳ ಮುಖ ನೋಡಿದ. ಹಳೆಯ ಗೆರೆಯನ್ನು ರಬ್ಬರಿನಿಂದ ಉಜ್ಜಿದ, ಆ ಅಪವರ್ತನದ ಆವರಣ ಚಿಹ್ನೆಯ ತಲೆಯ ಮೇಲೆ ಪುಟ್ಟದೊಂದು ಎರಡು ಬರೆದ. ಪೆನ್ಸಿಲ್ ಜಾರುತ್ತಾ ಬಂದು ಅಕ್ಷವನ್ನು ಮುಟ್ಟಿತು, ಮೇಲೆದ್ದಿತು. ಹುಲಿಗೆಮ್ಮ ಆಗ ಉಸಿರು ಬಿಟ್ಟಳು.

"ಮೆಂಬರ್ ಜಗಳಕ್ಕ ಬಂದ್ರ, ಅಣ್ಣಾ?"

"ಬರಾಕ ದೋಣಿ ಬೇಕಾಗತೈತಿ," ಎಂದ ಯಂಕೋಬ, ಆಚೆ ತುದಿಯನ್ನು ಇನ್ನಷ್ಟು ಕೆಳಗೆ ಎಳೆಯುತ್ತಾ.