ಬಾಯಿಪಾಠ

ಮನೆಯಲ್ಲೇ ಆನ್‌ಲೈನ್ ಪರೀಕ್ಷೆ ನಡೆಯುತ್ತಿದ್ದ ಕೋಣೆಯ ಬಾಗಿಲನ್ನು ಒದ್ದು ಒಳನುಗ್ಗಿದ ದ್ವಾರಕಾನಾಥ ಮಗಳ ಕೆನ್ನೆಗೆ ಬಾರಿಸಿದ ರಭಸಕ್ಕೆ, ಗಾರ್ಗಿಯ ಹೆಡ್‌ಫೋನು ವೈರು ಸಮೇತ ಕಿತ್ತು ಗೋಡೆಗೆ ಬಡಿಯಿತು. "ಇಲ್ಲೇ ಮನೆ ಹತ್ರ ಹೇವರ್ಡ್ ಕಾಲೇಜಲ್ಲಿ ಸೀಟು ಸಿಕ್ಕಿದೆ, ಇಟಲಿ ಯಾಕೇ ನಿನಗೆ? ನನ್ನ ಕಣ್ಣು ತಪ್ಪಿಸೋಕಾ?" ಎಂದು ಜಡೆ ಹಿಡಿದು ಜಗ್ಗಿದ. ಲ್ಯಾಪ್‌ಟಾಪಿನ ಪರದೆಯಲ್ಲಿ ಇಟಾಲಿಯನ್ ಪರೀಕ್ಷಕಿ ಎದ್ದು ನಿಂತಿದ್ದಳು. ಅವಳನ್ನು ಕಂಡದ್ದೇ ತಡ, ಜಡೆ ಬಿಡದೆಯೇ ಹಲ್ಲು ಕಿರಿದ. "ಸಾರಿ ಮೇಡಂ. ಫ್ಯಾಮಿಲಿ ಮ್ಯಾಟರು."

ಶೈಲಜಾ ಬಾಗಿಲಲ್ಲೇ ನಿಂತಿದ್ದಳು. ಈ ಇಟಾಲಿಯನ್ ಭಾಷಾ ಪರೀಕ್ಷೆ ಪಾಸಾಗದಿದ್ದರೆ ಅಲ್ಲಿನ ಯೂನಿವರ್ಸಿಟಿ ಸೇರಿಸಿಕೊಳ್ಳುವುದಿಲ್ಲವೆಂದು, ಎಂಟು ತಿಂಗಳು ಅವರೆಕಾಳು ಬಿಡಿಸುತ್ತ, ಹಿಟ್ಟು ಕಲಸುತ್ತ, ಮಗಳಿಂದ ಆ ಭಾಷೆಯ ಪಾಠ ಒಪ್ಪಿಸಿಕೊಂಡವಳು ಅವಳು. ಗಾರ್ಗಿ ತುಟಿಯ ರಕ್ತ ನುಂಗಿ, ಒಂದಕ್ಷರ ತಪ್ಪದೆ ಇಟಾಲಿಯನ್ನಿನಲ್ಲಿ ಹೇಳಿದಳು: ಅಪ್ಪ ದಿನಾ ಹೊಡೆಯುತ್ತಾರೆ. ಹೇಳಿದ್ದೆಲ್ಲ ಶೈಲಜಾಗೆ ಅರ್ಥವಾಯಿತು. ಪರೀಕ್ಷಕಿಯ ನೋಟ ಈಗ ಬಾಗಿಲ ಕಡೆ ಹೊರಳಿತು. ನಿಧಾನವಾಗಿ, ಬಿಡಿಸಿ ಬಿಡಿಸಿ ಕೇಳಿದಳು: ನಿಮ್ಮನ್ನೂನಾ, ಅಮ್ಮಾ?

"ಏನಂತೇ ಅವಳ್ದು?" ದ್ವಾರಕಾನಾಥ ಹೆಂಡತಿಯತ್ತ ಗುರ್ರೆಂದ.

ಬಾತ್‌ರೂಮಿನಲ್ಲಿ ಜಾರಿಬಿದ್ದೆ ಎಂದು ಇಪ್ಪತ್ತು ವರ್ಷ ಅವಳು ನೆಂಟರಿಗೆ ಕನ್ನಡದಲ್ಲಿ ಹೇಳಿದ್ದಳು, ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದ್ದಳು. ಇಟಾಲಿಯನ್ನಿನಲ್ಲಿ ಆ ಸುಳ್ಳು ಅವಳಿಗೆ ಬಾಯಿಪಾಠವಾಗಿರಲಿಲ್ಲ.

"ಸೀ," ಎಂದಳು ಶೈಲಜಾ, ಪರದೆಯನ್ನೇ ನೋಡುತ್ತ. ಹೌದು.